ತೊಳೆದವರೇ ಅಳೆಯಬಾರದು

ಕೇಳುಗರೇ, ನಮಸ್ಕಾರ. ವಿಕಿರಣದ ಕೊಳೆ ತೆಗೆಯುವುದು ಅಂದ ಕೂಡಲೇ ಬಿಳಿ ಸೂಟು ತೊಟ್ಟು ಮಣ್ಣು ಅಗೆಯುವವರು ಕಣ್ಣಮುಂದೆ ಬರುತ್ತಾರೆ, ಅಲ್ವಾ? ಅಗೆಯುವುದು ಸುಲಭ. 'ಈ ಜಾಗ ಈಗ ಚೊಕ್ಕಟ' ಎಂದು ಸಹಿ ಹಾಕುವುದು ಕಷ್ಟ. ಇವತ್ತು ನಾನು ಹೇಳುವುದು ಒಂದೇ ಮಾತು: ತೊಳೆದವರೇ ಅಳೆಯಬಾರದು. ಪರೀಕ್ಷೆ ಬರೆದ ಹುಡುಗನ ಕೈಗೇ ಪೇಪರ್ ತಿದ್ದೋಕೆ ಕೊಡ್ತೀವಾ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಂಟರ್ಸ್ ಪಾಯಿಂಟ್ ಅಂತ ನೌಕಾಪಡೆಯ ಹಳೆಯ ಹಡಗುಕಟ್ಟೆ ಇದೆ. 1946ರಲ್ಲಿ ಬಿಕಿನಿ ದ್ವೀಪದ ಬಳಿ ಅಣುಬಾಂಬ್ ಪರೀಕ್ಷೆಗೆ ಸಿಕ್ಕಿದ ಹಡಗುಗಳಲ್ಲಿ ಕೆಲವನ್ನು ಇಲ್ಲಿಗೆ ತಂದು ಉಜ್ಜಿ ತೊಳೆದರು. ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣದ ಡಯಲ್‌ಗಳೂ ಇಲ್ಲಿನ ಮಣ್ಣು ಸೇರಿದವು. 1989ರಲ್ಲಿ ಈ ಜಾಗ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಆ ದೇಶದ ಅತಿ ಕೊಳಕು ಜಾಗಗಳ ಪಟ್ಟಿಗೆ ಸೇರಿತು. ಶುಚಿ ಮಾಡಿ ಮನೆ ಕಟ್ಟಬೇಕು ಅಂತ ಯೋಜನೆ.

ಕೆಲಸ ಗುತ್ತಿಗೆಗೆ ಹೋಯಿತು. ಗುತ್ತಿಗೆ ಕಂಪನಿಯವರೇ ಅಗೆದರು, ಅವರೇ ಸ್ಯಾಂಪಲ್ ತೆಗೆದರು, ಅದರ ಜೊತೆ ಹೋಗುವ ಚೀಟಿಯನ್ನೂ ಅವರೇ ಬರೆದರು. ಈ ಮಣ್ಣು ಎಲ್ಲಿಯದು, ಯಾವಾಗ ತೆಗೆದದ್ದು, ಯಾರು ತೆಗೆದದ್ದು ಅನ್ನುವುದಕ್ಕೆ ಆ ಚೀಟಿಯೇ ಸಾಕ್ಷಿ. ಕೆಲವರು ಏನು ಮಾಡಿದರು ಗೊತ್ತಾ? ಕೊಳೆ ಇರಬಹುದಾದ ಜಾಗ ಬಿಟ್ಟು, ಚೊಕ್ಕಟ ಅಂತ ಗೊತ್ತಿದ್ದ ಕಡೆಯ ಮಣ್ಣು ತುಂಬಿದರು. ಚೀಟಿಯಲ್ಲಿ ಮಾತ್ರ ಕೊಳೆ ಜಾಗದ ಹೆಸರು! ಪ್ರಯೋಗಾಲಯದ ಯಂತ್ರ ಪಾಪ, ಕೊಟ್ಟ ಮಣ್ಣನ್ನು ಸರಿಯಾಗಿಯೇ ಅಳೆಯಿತು. 2012ರಲ್ಲಿ ನೌಕಾಪಡೆಗೆ ಅನುಮಾನ ಬಂತು. ಅಂಕಿಗಳು ಅದೇ ಜಾಗದ ಹಳೆಯ ಅಂಕಿಗಳಿಗೆ ಹೊಂದುತ್ತಿರಲಿಲ್ಲ. 2018ರಲ್ಲಿ ಇಬ್ಬರಿಗೆ ತಲಾ 8 ತಿಂಗಳು ಜೈಲು. ಇಬ್ಬರೂ ಮೇಲ್ವಿಚಾರಕರು, ಕೇಳಿಸಿತಾ? ನೋಡಿಕೊಳ್ಳಲಿಕ್ಕೆ ಅಂತಲೇ ಸಂಬಳ ತಗೊಂಡವರು! ಈಗ ಮತ್ತೆ ಅಗೆಯಬೇಕು, ಮತ್ತೆ ಅಳೆಯಬೇಕು.

ಅದಕ್ಕೇ ಹೇಳಿದ್ದು, ಅಳೆಯುವವರು ಬೇರೆಯವರೇ ಆಗಿರಲಿ. ಎಲ್ಲಿ ಮಣ್ಣು ತೆಗೆಯಬೇಕು ಅನ್ನುವುದನ್ನು ಗುತ್ತಿಗೆದಾರ ಆರಿಸುವುದು ಬೇಡ. ನಕ್ಷೆಯ ಮೇಲೆ ಚೌಕ ಎಳೆದು ಮೊದಲೇ ಗೊತ್ತು ಮಾಡಿ. ಅರ್ಧ ಮಣ್ಣು ಇನ್ನೊಂದು ಪ್ರಯೋಗಾಲಯಕ್ಕೆ ಹೋಗಲಿ. ರೇಡಿಯಂ ಇದೆಯಾ ಅಂತ ನೋಡಲು ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ ಸುಮಾರು 3 ವಾರ ಇಡಬೇಕು. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಒಳಗೇ ಉಳಿದರೆ ತಾನೇ ಲೆಕ್ಕ ಸರಿ ಬರುವುದು? 'ಅಷ್ಟು ದಿನ ಯಾಕೆ ಸಾರ್, ಬೇಗ ಸಹಿ ಹಾಕಿ' ಅನ್ನುವವರೇ ಜಾಸ್ತಿ. ಸುಮ್ನೆ ಕಾಯಿರಿ ಸ್ವಾಮಿ!

ಸ್ಟ್ರಾನ್ಷಿಯಂ-90 ಅಂತ ಇನ್ನೊಂದು ವಿಕಿರಣ ವಸ್ತು ಇದೆಯಲ್ಲ, ಅದು ಗಾಮಾ ಕಿರಣ ಅಳೆಯುವ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ರಾಸಾಯನಿಕ ಪರೀಕ್ಷೆ ಬೇರೆಯೇ ಆಗಬೇಕು. ಖರ್ಚು ಜಾಸ್ತಿ ಅಂತ ಅದನ್ನು ಬಿಡುವ ಹಾಗಿಲ್ಲ. ಹೇಗೆ ಮಾಡುತ್ತಾರೆ ಅಂತ ಹೇಳಲು ಇವತ್ತು ಸಮಯವಿಲ್ಲ. ನಮಸ್ಕಾರ.