ಗುಳೆ ನಿಲ್ಲಿಸಿದ ತಂದೆ

ಕೇಳುಗರಿಗೆ ನಮಸ್ಕಾರ.

2009ರ ಆಗಸ್ಟ್ 28ರಂದು, ನಡುರಾತ್ರಿಗೆ ಇನ್ನೇನು ಒಂದು ನಿಮಿಷ ಉಳಿದಿರುವಾಗ, ಫ್ಲಾರಿಡಾದಿಂದ ಡಿಸ್ಕವರಿ ಎಂಬ ಬಾಹ್ಯಾಕಾಶ ನೌಕೆ ಮೇಲೇರಿತು. ಅದರಲ್ಲಿದ್ದ ಏಳು ಮಂದಿಯಲ್ಲಿ ಹೋಸೆ ಹೆರ್ನಾಂಡೆಸ್ ಎಂಬ ಎಂಜಿನಿಯರ್ ಒಬ್ಬರು. ನಾಸಾ ಹನ್ನೊಂದು ಸಲ ಅವರ ಅರ್ಜಿಯನ್ನು ತಿರಸ್ಕರಿಸಿ, ಹನ್ನೆರಡನೆಯ ಸಲ, ಅಂದರೆ 2004ರಲ್ಲಿ, ಆರಿಸಿಕೊಂಡಿತೆಂಬ ಸಂಗತಿಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ನಾನು ಇಂದು ಹೇಳಹೊರಟಿರುವುದು ಅವರ ತಂದೆ ಸಾಲ್ವಡೋರ್ ಅವರ ವಿಷಯವನ್ನು. ಮಗನ ಜಗತ್ಪ್ರಸಿದ್ಧ ಕಥೆಯಲ್ಲಿ ಒಂದೆರಡು ಪುಟಗಳಿಗೆ ಬಂದು ಮರೆಯಾಗುವ ಈ ಮನುಷ್ಯ ಒಂದು ಸಂಜೆ ಕೈಗೊಂಡ ತೀರ್ಮಾನವೇ ಆ ಕಥೆಯ ಬೇರು ಎಂದು ನನಗೆ ತೋರುತ್ತದೆ.

ಮೆಕ್ಸಿಕೊದ ಪಶ್ಚಿಮ ಭಾಗದಲ್ಲಿ ಮಿಚೋಆಕಾನ್ ಎಂಬ ರಾಜ್ಯವಿದೆ. ಅಲ್ಲಿಯ ಲಾ ಪಿಯೆದಾದ್ ಪಟ್ಟಣದ ಸೀಮೆ ಈ ಕುಟುಂಬದ ಮೂಲಸ್ಥಾನ. ಆ ರಾಜ್ಯದ ಗಂಡಸರಿಗೆ ಉತ್ತರದ ದಾರಿ ಹೊಸತಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೂಲಿಯಾಳುಗಳ ಕೊರತೆಯನ್ನು ನೀಗಿಸಿಕೊಳ್ಳಲು ಅಮೆರಿಕವು ಮೆಕ್ಸಿಕೊದೊಡನೆ ಒಪ್ಪಂದ ಮಾಡಿಕೊಂಡು, 1942ರಿಂದ 1964ರವರೆಗೆ ಬ್ರಸೇರೊ ಎಂಬ ಹೆಸರಿನ ಯೋಜನೆಯನ್ನು ನಡೆಸಿತು. ಬ್ರಸೇರೊ ಎಂದರೆ ತೋಳಿನಿಂದ ದುಡಿಯುವವನು ಎಂದರ್ಥ. ಆ ಇಪ್ಪತ್ತೆರಡು ವರ್ಷಗಳಲ್ಲಿ ಸುಮಾರು 46 ಲಕ್ಷ ಕೂಲಿ ಕರಾರುಗಳಿಗೆ ಸಹಿ ಬಿದ್ದಿತು. ಯೋಜನೆ ಮುಗಿದ ಮೇಲೂ ಹೊಲಗಳಿಗೆ ಆಳು ಬೇಕಾಗಿತ್ತು, ಮನೆಗಳಿಗೆ ದುಡ್ಡು ಬೇಕಾಗಿತ್ತು, ಹೀಗಾಗಿ ದಾರಿ ಮುಚ್ಚಲಿಲ್ಲ.

ಸಾಲ್ವಡೋರ್ ಮತ್ತು ಅವರ ಪತ್ನಿ ಹೂಲಿಯಾ ಇಬ್ಬರೂ ಮೂರನೆಯ ತರಗತಿಯ ಆಚೆಗೆ ಓದಿದವರಲ್ಲ. ನಾವು ಗುಳೆ ಎಂದು ಕರೆಯುವುದೇ ಅವರ ಬದುಕಾಗಿತ್ತು, ಗಡಿಯೊಂದು ನಡುವೆ ಇತ್ತೆನ್ನುವುದಷ್ಟೇ ಹೆಚ್ಚು. ವರ್ಷದ ಆರಂಭದಲ್ಲಿ ನಾಲ್ಕು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರೆ, ಮೊದಲು ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ತೋಟಗಳು, ಆಮೇಲೆ ಸಾಲಿನಾಸ್ ಕಣಿವೆ, ಕಡೆಗೆ ಸ್ಟಾಕ್ಟನ್ ಸುತ್ತಿನ ಸೌತೆ, ಟೊಮ್ಯಾಟೊ, ದ್ರಾಕ್ಷಿ. ನವೆಂಬರ್ ಹೊತ್ತಿಗೆ ಕೊಯ್ಲು ತೀರಿದಾಗ ತಿರುಗಿ ಮಿಚೋಆಕಾನ್‌ಗೆ. ಕಿರಿಯ ಮಗ ಹೋಸೆ 1962ರ ಆಗಸ್ಟ್ 7ರಂದು ಸ್ಟಾಕ್ಟನ್ ಪಕ್ಕದ ಫ್ರೆಂಚ್ ಕ್ಯಾಂಪ್‌ನಲ್ಲಿ ಹುಟ್ಟಿದರು. ಅದೇ ಹೆರಿಗೆ ಡಿಸೆಂಬರ್‌ನಲ್ಲಿ ಆಗಿದ್ದರೆ ಆತ ಮೆಕ್ಸಿಕೊದಲ್ಲಿ ಹುಟ್ಟುತ್ತಿದ್ದನೇನೋ. ಮಗು ಯಾವ ದೇಶದ ಪ್ರಜೆಯಾಗಬೇಕೆಂಬುದನ್ನು ಬೆಳೆ ತೀರ್ಮಾನಿಸುವ ಸ್ಥಿತಿ ಅದು.

ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸ್ಟ್ರಾಬೆರಿ ಗಿಡ ಮೊಣಕಾಲಿನೆತ್ತರಕ್ಕೂ ಬೆಳೆಯುವುದಿಲ್ಲವಾದ್ದರಿಂದ ದಿನವಿಡೀ ಸೊಂಟ ಬಗ್ಗಿಸಿಯೇ ಇರಬೇಕು. ಕಿತ್ತ ಮೇಲೆ ಆ ಹಣ್ಣು ಮಾಗದು, ಹಾಗಾಗಿ ಕಳಿತದ್ದನ್ನು ಮಾತ್ರ ಆರಿಸಿ, ತಲೆಯ ಹಸಿರು ಎಲೆ ಹಣ್ಣಿನಲ್ಲೇ ಉಳಿಯುವಂತೆ ತೊಟ್ಟನ್ನು ತಿರುವಿ ಬಿಡಿಸಬೇಕು. ಬೆರಳು ಒತ್ತಿದರೆ ಹಣ್ಣು ಕೆಡುತ್ತದೆ. ಲೆಟ್ಯೂಸ್ ಮತ್ತು ಸಕ್ಕರೆ ಬೀಟ್ ಹೊಲಗಳಲ್ಲಿ ಇದಕ್ಕಿಂತ ಕ್ರೂರವಾದ ಉಪಕರಣವೊಂದಿತ್ತು. ‘ಎಲ್ ಕೊರ್ತೀತೊ’, ಅಂದರೆ ಗಿಡ್ಡದ್ದು, ಎಂದು ಕೂಲಿಗಳು ಕರೆಯುತ್ತಿದ್ದ ಮೋಟು ಹಿಡಿಯ ಗುದ್ದಲಿ ಅದು. ಹಿಡಿ ಗಿಡ್ಡವಾಗಿದ್ದರೆ ಆಳು ಬಗ್ಗಿಯೇ ಇರುತ್ತಾನೆ, ನೆಟ್ಟಗೆ ನಿಂತು ಸುಧಾರಿಸಿಕೊಳ್ಳುವವನು ದೂರದಿಂದಲೇ ಮೇಸ್ತ್ರಿಯ ಕಣ್ಣಿಗೆ ಬೀಳುತ್ತಾನೆ. ಬೆನ್ನುಮೂಳೆ ಸವೆದ ಎಷ್ಟೋ ಜನರ ಗೋಳಿನ ನಂತರ, 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದರ ಬಳಕೆ ನಿಷಿದ್ಧವಾಯಿತು. 1938ರ ಕಾರ್ಮಿಕ ಕಾಯಿದೆಯಲ್ಲಿ ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿ ಎಂದು ಬರೆದಿದ್ದರೂ, ಹೊಲದ ಆಳುಗಳನ್ನು ಅದರಿಂದ ಹೊರಗಿಡಲಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ರಜೆಯ ದಿನಗಳಲ್ಲಿ ಮಕ್ಕಳೂ ಹೊಲಕ್ಕಿಳಿಯುತ್ತಿದ್ದರು. ದಿನದ ಕೊನೆಗೆ, ಮೈತುಂಬ ಧೂಳು ಮತ್ತು ಬೆವರು ಅಂಟಿದ ನಾಲ್ವರು ಕಾರಿನ ಹಿಂದಿನ ಸೀಟಿನಲ್ಲಿ ಕುಸಿದು ಕುಳಿತಾಗ, ಸಾಲ್ವಡೋರ್ ಕಾರು ಚಾಲೂ ಮಾಡುವ ಮೊದಲು ಹಿಂದಿರುಗಿ ನೋಡಿ, ಈಗ ಮೈಗೆ ಹೇಗನಿಸುತ್ತಿದೆಯೆಂದು ಕೇಳುತ್ತಿದ್ದರಂತೆ. ಓದಿ ಎಂದು ನಾನು ಬಲವಂತ ಮಾಡುವುದಿಲ್ಲ, ಆದರೆ ಓದದಿದ್ದರೆ ನಿಮ್ಮ ಮುಂದಿನ ದಿನಗಳು ಇವೇ, ಎಂಬುದು ಅವರ ಮಾತಿನ ಸಾರ. ಗದರಿಕೆಯಿಲ್ಲ, ಉಪದೇಶವಿಲ್ಲ, ಮಕ್ಕಳ ನೋಯುವ ಬೆನ್ನೇ ಅವರ ಪಾಠದ ಪುಸ್ತಕ.

ಹಾಗಿದ್ದೂ ಓದು ಸಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಊರಿಗೆ ಹೊರಟಾಗ ಶಾಲೆಯವರು ಮೂರು ತಿಂಗಳ ಮನೆಪಾಠವನ್ನು ಕಟ್ಟಿ ಕೊಡುತ್ತಿದ್ದರು. ಹೋಸೆಗೆ ಇಂಗ್ಲಿಷ್ ಹಿಡಿತಕ್ಕೆ ಬಂದದ್ದೇ ಹನ್ನೆರಡರ ವಯಸ್ಸಿನಲ್ಲಿ. ಆತ ಎರಡನೆಯ ತರಗತಿಯಲ್ಲಿದ್ದಾಗ, ಈ ಸಲವೂ ಮನೆಪಾಠ ಕೊಡಿ ಎಂದು ಕೇಳಿದ್ದಕ್ಕೆ, ಶಿಕ್ಷಕಿ ತಾವೇ ಮನೆಗೆ ಬಂದರು. ಗಿಡವೊಂದನ್ನು ವರ್ಷದಲ್ಲಿ ಹಲವು ಸಲ ಕಿತ್ತು ಬೇರೆಡೆ ನೆಡುತ್ತಿದ್ದರೆ ಏನಾಗುತ್ತದೆ ಎಂಬ ಅರ್ಥದ ಪ್ರಶ್ನೆಯನ್ನು ಅವರು ಆ ರೈತನ ಮುಂದಿಟ್ಟರು. ಮಣ್ಣಿನೊಡನೆ ಬದುಕಿದವನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಕುಟುಂಬ ಸ್ಟಾಕ್ಟನ್‌ನಲ್ಲಿ ನೆಲೆ ನಿಂತಿತು.

ಈ ತೀರ್ಮಾನ ಎಷ್ಟು ದುಬಾರಿಯಾದದ್ದು ಎಂಬುದನ್ನು ಹೇಳುವವರು ಕಡಿಮೆ. ಬೆಳೆಯ ಹಿಂದೆ ಹೋಗುವವನಿಗೆ ಕೆಲಸ ಸಿಗುತ್ತಾ ಹೋಗುತ್ತದೆ. ಒಂದೂರಲ್ಲಿ ನಿಂತವನು ಕೊಯ್ಲಿಲ್ಲದ ತಿಂಗಳುಗಳನ್ನು ಹೇಗೋ ದಾಟಬೇಕು. ಅದಕ್ಕಿಂತ ಮುಖ್ಯವಾಗಿ, ಆ ಚಳಿಗಾಲದ ಮೂರು ತಿಂಗಳೇ ಅವರಿಗೆ ತಮ್ಮ ನೆಲ, ತಮ್ಮ ಭಾಷೆ, ತಮ್ಮ ಬಂಧುಬಳಗ ದೊರೆಯುತ್ತಿದ್ದ ಕಾಲ. ಮಕ್ಕಳಿಗಾಗಿ ದುಡಿದರು ಎಂದು ಯಾವ ತಂದೆಯ ಬಗ್ಗೆಯಾದರೂ ಹೇಳಬಹುದು, ಮಕ್ಕಳಿಗಾಗಿ ತನ್ನ ಊರನ್ನೇ ಕಳೆದುಕೊಂಡವರ ಸಂಖ್ಯೆ ಅಷ್ಟು ದೊಡ್ಡದಲ್ಲ.

1972ರ ಡಿಸೆಂಬರ್‌ನಲ್ಲಿ, ಹಿಂದಿನ ಲೆಕ್ಕದಂತೆ ಮೆಕ್ಸಿಕೊದಲ್ಲಿರಬೇಕಾಗಿದ್ದ ಹತ್ತು ವರ್ಷದ ಹುಡುಗ, ಸ್ಟಾಕ್ಟನ್ ಮನೆಯ ಕಪ್ಪು ಬಿಳುಪು ಟೀವಿಯ ಆಂಟೆನಾ ಹಿಡಿದು ನಿಂತು, ಅಪೊಲೊ 17ರ ಯಾತ್ರಿಗಳು ಚಂದ್ರನ ಮೇಲೆ ನಡೆಯುವುದನ್ನು ನೋಡಿದ. ನಾನೂ ಗಗನಯಾತ್ರಿ ಆಗುತ್ತೇನೆ ಎಂದು ತಂದೆಗೆ ಹೇಳಿದ. ಸಾಲ್ವಡೋರ್ ನಗಲಿಲ್ಲ. ಮಗನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಐದು ಮಾತು ಹೇಳಿದರು: ಏನು ಬೇಕೆಂದು ತಿಳಿದುಕೋ, ಅದರಿಂದ ಎಷ್ಟು ದೂರ ಇದ್ದೀಯೆಂದು ಅಳೆ, ದಾರಿಯ ನಕ್ಷೆ ಬರೆದುಕೋ, ಓದು, ಹೊಲದಲ್ಲಿ ತೋರಿಸುವ ಶ್ರಮವನ್ನೇ ಅಲ್ಲಿಯೂ ತೋರಿಸು. ಪಟ್ಟಿಯ ಎರಡನೆಯ ಮಾತು ನನಗೆ ಬಹಳ ಹಿಡಿಸುತ್ತದೆ. ದೂರವನ್ನು ಅಳೆಯದೆ ಹೊರಟವನು ಎಲ್ಲಿಗೂ ತಲುಪುವುದಿಲ್ಲವೆಂಬುದನ್ನು ವರ್ಷವರ್ಷವೂ ಗಡಿ ದಾಟಿ ಕಾರು ಓಡಿಸಿದವರು ಬಲ್ಲರು.

ಬಾನುಲಿಯಲ್ಲಿ ಮಾತನಾಡುವ ನಾನು ಇನ್ನೊಂದನ್ನು ಬಿಡಲಾರೆ. 1980ರಲ್ಲಿ ಕೋಸ್ಟರಿಕಾ ಮೂಲದ ಫ್ರಾಂಕ್ಲಿನ್ ಚಾಂಗ್ ದೀಯಾಸ್ ನಾಸಾಕ್ಕೆ ಆಯ್ಕೆಯಾದ ಸುದ್ದಿಯನ್ನು ಹೋಸೆ ಕೇಳಿದ್ದು ಸ್ಟಾಕ್ಟನ್ ಬಳಿಯ ಸಕ್ಕರೆ ಬೀಟ್ ಹೊಲದಲ್ಲಿ ಗುದ್ದಲಿ ಹಿಡಿದಿದ್ದಾಗ, ಒಂದು ಟ್ರಾನ್ಸಿಸ್ಟರಿನಿಂದ.

ಡಿಸ್ಕವರಿ ಹದಿನಾಲ್ಕು ದಿನಗಳ ನಂತರ, ಸೆಪ್ಟೆಂಬರ್ 11ರಂದು ಹಿಂದಿರುಗಿತು. ಫ್ಲಾರಿಡಾದ ಹವೆ ಒಪ್ಪದೆ ಅದು ಇಳಿದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ. ಅಲ್ಲಿಂದ ಬೆಟ್ಟ ದಾಟಿ ಉತ್ತರಕ್ಕೆ ಹೊರಟರೆ, ಕಣಿವೆಯ ನಟ್ಟನಡುವೆ ಸಾಗುವ ರಸ್ತೆ ಸ್ಟಾಕ್ಟನ್‌ಗೆ ತಲುಪಿಸುತ್ತದೆ. ಸೆಪ್ಟೆಂಬರ್ ಅಲ್ಲಿ ದ್ರಾಕ್ಷಿ ಮತ್ತು ಟೊಮ್ಯಾಟೊ ಕೊಯ್ಲಿನ ತಿಂಗಳು.

ನಮಸ್ಕಾರ.