ಚುಕ್ಕೆ ಕೊಕ್ಕಿನ ಬಾತು ಮತ್ತು ಸಿಳ್ಳೆ ಬಾತು: ಒಂದೇ ಕೆರೆಯ ಇಬ್ಬರು ನಿವಾಸಿಗಳು

(ದೃಶ್ಯ: ಬೆಳಗಿನ ಕೆರೆ, ತಾವರೆ ಎಲೆಗಳ ನಡುವೆ ಕಂದು ಬಣ್ಣದ ಹಕ್ಕಿಗಳು)

ನಮಸ್ಕಾರ. ಚಳಿಗಾಲ ಮುಗಿದು ಉತ್ತರದಿಂದ ಬಂದಿದ್ದ ವಲಸೆ ಬಾತುಗಳೆಲ್ಲ ಹಿಂದಿರುಗಿದ ಮೇಲೂ ಕರ್ನಾಟಕದ ಅನೇಕ ಕೆರೆಗಳಲ್ಲಿ ಕಾಡುಬಾತುಗಳು ಉಳಿದಿರುತ್ತವೆ. ಅವುಗಳಲ್ಲಿ ಹೆಚ್ಚಾಗಿ ಕಾಣಸಿಗುವ ಎರಡು ಜಾತಿಗಳು ಚುಕ್ಕೆ ಕೊಕ್ಕಿನ ಬಾತು ಮತ್ತು ಸಿಳ್ಳೆ ಬಾತು. ಎರಡೂ ಕಂದು ಬಣ್ಣದವು, ಎರಡರಲ್ಲಿಯೂ ಗಂಡು ಹೆಣ್ಣುಗಳು ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಏರಿಯ ಮೇಲೆ ನಿಂತು ನೋಡುವವರಿಗೆ ಇವೆರಡೂ ಒಂದೇ ಹಕ್ಕಿಯೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಇವುಗಳ ವಂಶವೂ ಬೇರೆ, ದಿನಚರಿಯೂ ಬೇರೆ.

(ದೃಶ್ಯ: ಚುಕ್ಕೆ ಕೊಕ್ಕಿನ ಬಾತಿನ ಮುಖ, ಹತ್ತಿರದಿಂದ)

ಮೊದಲು ಚುಕ್ಕೆ ಕೊಕ್ಕಿನ ಬಾತು. ಸುಮಾರು 60 ಸೆಂಟಿಮೀಟರ್ ಉದ್ದದ ಈ ದೊಡ್ಡ ಹಕ್ಕಿಯ ಕಪ್ಪು ಕೊಕ್ಕಿನ ತುದಿ ಹಳದಿಯಾಗಿದ್ದು, ಬುಡದಲ್ಲಿ ಎರಡೂ ಬದಿಗೆ ಒಂದೊಂದು ಕೆಂಪು ಚುಕ್ಕೆ ಇರುತ್ತದೆ. ಹೆಸರು ಬಂದಿರುವುದು ಈ ಚುಕ್ಕೆಯಿಂದಲೇ ಆದರೂ ದೂರದಿಂದ ಗುರುತಿಸಲು ಅದನ್ನು ನೆಚ್ಚಿಕೊಳ್ಳಬಾರದು. ಬೆನ್ನಿನ ಹಿಂಬದಿಯಲ್ಲಿ ಎದ್ದುಕಾಣುವ ಬಿಳಿ ಗರಿಗಳೇ ಹೆಚ್ಚು ನಂಬಿಕೆಗೆ ಅರ್ಹ. ನಾವು ಸಾಕುವ ಬಹುಪಾಲು ಬಾತುಗಳ ಪೂರ್ವಜವಾದ ಮಲ್ಲಾರ್ಡ್ ಮತ್ತು ಈ ಹಕ್ಕಿ ಒಂದೇ ಕುಲಕ್ಕೆ, ಅಂದರೆ ಅನಾಸ್ ಕುಲಕ್ಕೆ ಸೇರಿವೆ. ಹಾಗಾಗಿಯೇ ಇದರ ಹೆಣ್ಣಿನ ಕೂಗು ಮನೆಯ ಬಾತಿನ 'ಕ್ವಾಕ್' ಅನ್ನೇ ನೆನಪಿಸುತ್ತದೆ. ಗಂಡಿನ ದನಿ ಮೆಲುವಾದುದು, ಸ್ವಲ್ಪ ಒರಟಾದುದು.

ಸಿಳ್ಳೆ ಬಾತು ಇದಕ್ಕಿಂತ ಬಹಳ ಚಿಕ್ಕದು. ಉದ್ದ ಸುಮಾರು 40 ಸೆಂಟಿಮೀಟರ್, ತೂಕ ಅರ್ಧ ಕಿಲೋಗ್ರಾಮಿನ ಆಸುಪಾಸು. ಬೂದು ಕೊಕ್ಕು, ಉದ್ದನೆಯ ಕತ್ತು, ದೇಹದ ಹೋಲಿಕೆಯಲ್ಲಿ ನೀಳವಾದ ಕಾಲುಗಳು. ನೆಲದ ಮೇಲೆ ನಿಂತಾಗ ಬಾತಿಗಿಂತ ಪುಟ್ಟ ಹೆಬ್ಬಾತಿನಂತೆ ನೆಟ್ಟಗೆ ಕಾಣುತ್ತದೆ. ಇದರ ಕುಲನಾಮವಾದ ಡೆಂಡ್ರೊಸಿಗ್ನ ಎಂಬ ಪದದ ಅರ್ಥ 'ಮರದ ಹಂಸ'. ಬಾತು ಮರದ ಕೊಂಬೆಯ ಮೇಲೆ ಕುಳಿತಿರುವುದನ್ನು ಮೊದಲ ಬಾರಿಗೆ ಕಂಡವರು ತಮ್ಮ ಕಣ್ಣನ್ನೇ ನಂಬದಿರುವುದುಂಟು, ಆದರೆ ಈ ಹಕ್ಕಿಗೆ ಅದು ನಿತ್ಯದ ಅಭ್ಯಾಸ.

(ದೃಶ್ಯ: ಹಾರುತ್ತಿರುವ ಎರಡೂ ಬಾತುಗಳು, ನಿಧಾನಗತಿಯಲ್ಲಿ)

ಹಾರಾಟವನ್ನು ಗಮನಿಸಿ. ಚುಕ್ಕೆ ಕೊಕ್ಕಿನ ಬಾತು ನೀರಿನಿಂದ ಚಿಮ್ಮಿ ಎದ್ದು ಬಲವಾಗಿ, ನೇರವಾಗಿ ಸಾಗುತ್ತದೆ. ರೆಕ್ಕೆ ಬಿಚ್ಚಿದಾಗ ಬಿಳಿ ಅಂಚಿನ ಹಸಿರು ಪಟ್ಟಿ ಮಿಂಚುತ್ತದೆ. ಸಿಳ್ಳೆ ಬಾತಿನ ಅಗಲವಾದ, ದುಂಡು ತುದಿಯ ರೆಕ್ಕೆಗಳ ಬಡಿತ ನಿಧಾನ. ತಲೆ ತುಸು ತಗ್ಗಿ, ಕಾಲುಗಳು ಬಾಲದಾಚೆ ಚಾಚಿಕೊಂಡಿರುವ ಆ ಹಾರಾಟದಲ್ಲಿ ಸೊಬಗು ಕಡಿಮೆಯೆಂದೇ ಹೇಳಬೇಕು. ಆದರೆ ಹಾರುತ್ತಲೇ ಅದು ಹೊರಡಿಸುವ ಎರಡು ಸ್ವರದ ತೆಳುವಾದ ಸಿಳ್ಳೆಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಊಟದ ಕ್ರಮವೂ ಭಿನ್ನ. ಚುಕ್ಕೆ ಕೊಕ್ಕಿನ ಬಾತು ಆಳವಿಲ್ಲದ ನೀರಿನಲ್ಲಿ ತಲೆ ಮುಳುಗಿಸಿ, ಬಾಲ ಮೇಲೆತ್ತಿ, ಜಲಸಸ್ಯಗಳ ಬೀಜ ಮತ್ತು ಚಿಗುರುಗಳನ್ನು ಕೊಕ್ಕಿನಂಚಿನ ಜರಡಿಯಿಂದ ಸೋಸಿಕೊಳ್ಳುತ್ತದೆ. ಸಾಧಾರಣವಾಗಿ ಅದು ಪೂರ್ತಿ ಮುಳುಗುವುದಿಲ್ಲ. ಸಿಳ್ಳೆ ಬಾತು ಮುಳುಗಿಯೂ ಮೇಯಬಲ್ಲದು. ಹಗಲಿನಲ್ಲಿ ಗುಂಪುಗೂಡಿ ವಿಶ್ರಮಿಸುವ ಇದು ಕತ್ತಲಾದ ಮೇಲೆ ಮೇವಿಗೆ ಹೊರಡುವುದರಿಂದ, ಭತ್ತದ ಗದ್ದೆಗಳಲ್ಲಿ ರಾತ್ರಿ ಕೇಳುವ ಸಿಳ್ಳೆ ಬಹುತೇಕ ಇದರದೇ ಆಗಿರುತ್ತದೆ.

(ದೃಶ್ಯ: ದಡದ ಜೊಂಡು, ನಂತರ ಹಳೆಯ ಮರದ ಪೊಟರೆ)

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಗೂಡಿನದು. ಚುಕ್ಕೆ ಕೊಕ್ಕಿನ ಬಾತು ನೀರಿನ ಹತ್ತಿರ, ನೆಲದ ಮೇಲೆ, ದಟ್ಟವಾದ ಹುಲ್ಲು ಜೊಂಡುಗಳ ಮರೆಯಲ್ಲಿ ಮೊಟ್ಟೆಯಿಡುತ್ತದೆ. ಸುಮಾರು 24 ದಿನ ಕಾವು ಕೊಡುವ ಹೊಣೆ ಹೆಣ್ಣಿನದು. ಸಿಳ್ಳೆ ಬಾತು ಮರದ ಪೊಟರೆಯನ್ನೋ, ಬೇರೆ ಹಕ್ಕಿಗಳು ಬಿಟ್ಟುಹೋದ ಗೂಡನ್ನೋ ಆರಿಸಿಕೊಳ್ಳುತ್ತದೆ, ಕೆಲವೊಮ್ಮೆ ನೆಲದ ಮೇಲೂ ಗೂಡು ಕಟ್ಟುತ್ತದೆ. ಇಲ್ಲಿ ಕಾವು ಕೊಡುವುದು ಗಂಡು ಹೆಣ್ಣುಗಳ ಸಮಾನ ಕೆಲಸ.

ಅಂದರೆ ಒಂದಕ್ಕೆ ದಡದ ಜೊಂಡು ಬೇಕು, ಇನ್ನೊಂದಕ್ಕೆ ಹಳೆಯ ಮರ ಬೇಕು. ಕೆರೆಯ ಅಭಿವೃದ್ಧಿಯ ಹೆಸರಿನಲ್ಲಿ ಸುತ್ತಲೂ ಕಲ್ಲು ಹಾಸಿ, ಜೊಂಡನ್ನು ಕಿತ್ತು, ಪೊಟರೆಯಿರುವ ಮರಗಳನ್ನು ಒಣಗಿದವೆಂದು ಕಡಿದರೆ, ನೀರು ಎಷ್ಟೇ ತುಂಬಿದ್ದರೂ ಈ ಹಕ್ಕಿಗಳು ಅಲ್ಲಿ ಮೇಯಬಹುದೇ ಹೊರತು ಮರಿ ಮಾಡಲಾರವು. ಜಾಗತಿಕವಾಗಿ ಎರಡೂ ಅಳಿವಿನಂಚಿನಲ್ಲಿಲ್ಲ ಎಂಬುದು ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವುಗಳ ಬೇಟೆಯನ್ನು ತಡೆಯುತ್ತದೆ ಎಂಬುದೂ ನಿಜ. ಆದರೆ ಸಾಮಾನ್ಯವಾದ ಒಂದು ಕೆರೆಯ ದಡದಲ್ಲಿ ಎಷ್ಟು ಜೊಂಡು ಉಳಿಯಬೇಕೆಂಬುದನ್ನು ಬಹುಮಟ್ಟಿಗೆ ಆ ಕೆರೆಯ ಕಾಮಗಾರಿಯೇ ತೀರ್ಮಾನಿಸುತ್ತದೆ.

ಈಗ ಪರದೆಯನ್ನು ಕಪ್ಪಾಗಿಸುತ್ತೇವೆ. ಎರಡು ದನಿಗಳು ಒಂದಾದ ಮೇಲೊಂದು ಕೇಳಿಸಲಿವೆ. ಯಾವುದು ಯಾರದೆಂದು ನೀವೇ ಗುರುತಿಸಿ.

(ಧ್ವನಿ: ಹೆಣ್ಣು ಚುಕ್ಕೆ ಕೊಕ್ಕಿನ ಬಾತಿನ ಕೂಗು. ಕ್ಷಣಕಾಲ ಮೌನ. ಸಿಳ್ಳೆ ಬಾತುಗಳ ಗುಂಪು ತಲೆಯ ಮೇಲೆ ಹಾದುಹೋಗುವ ಸದ್ದು.)