ನಿದ್ದೆ ಬರಿಸಿದ ಪಾದ್ರಿ, ಕುರ್ಚಿಯಲ್ಲಿ ಕೂತ ಜನ

ಕೇಳುಗರೇ, ನಮಸ್ಕಾರ. ವಾಸ್ಕೋದಲ್ಲಿ, ಮಡಗಾಂವ್‌ನಲ್ಲಿ, ಮಾಪ್ಸಾದಲ್ಲಿ ಅಂಗಡಿ ಗಲ್ಲೆಯ ಪಕ್ಕ ರೇಡಿಯೋ ಇಟ್ಟುಕೊಂಡು ಕೂತವರಿಗೆ, ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತಾ ಇನ್ನೊಂದು ಕೈಯಲ್ಲಿ ರೇಡಿಯೋ ಜೋರು ಮಾಡಿದ ಅಕ್ಕಂದಿರಿಗೆ, ಎಲ್ಲರಿಗೂ ನಮಸ್ಕಾರ. ಇವತ್ತು ನನಗೆ ಕೊಟ್ಟಿರುವ ವಿಷಯ ವಿಚಿತ್ರ ಜನ, ಅವರ ನಿಜವಾದ ವಿಚಿತ್ರ ಕತೆಗಳು. ನಾಲ್ಕು ಜನರ ಪಟ್ಟಿ ಮಾಡಿಕೊಂಡು ಬಂದಿದ್ದೇನೆ. ನೀನು ಮೊದಲನೆಯವನಲ್ಲೇ ಸಿಕ್ಕಿಕೊಳ್ಳುತ್ತೀಯಾ ಅಂತ ನಮ್ಮ ಯಜಮಾನರು ಬೆಳಗ್ಗೆ ಚಹಾ ಕುಡಿಯುವಾಗಲೇ ಭವಿಷ್ಯ ಹೇಳಿದ್ದಾರೆ. ನೋಡೋಣ.

ನಾನು ಧಾರವಾಡದವಳು. ಗೋವಾಕ್ಕೆ ಬಂದು ಮೂವತ್ತು ವರ್ಷ ದಾಟಿತು. ನನ್ನ ಕೆಲಸ ಅರಿವಳಿಕೆ ಕೊಡುವುದು, ಅಂದರೆ ಆಪರೇಷನ್‌ಗೆ ಮುಂಚೆ ನಿಮ್ಮನ್ನು ಮಲಗಿಸುವ ಡಾಕ್ಟರು. ಕೊಯ್ಯುವ ಡಾಕ್ಟರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಮಲಗಿಸಿದವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಯಾಕೆಂದರೆ ಆಗ ನೀವು ನಿದ್ದೆಯಲ್ಲಿ ಇರುತ್ತೀರಿ. ಅದಕ್ಕೇ ಇರಬೇಕು, ನಿದ್ದೆ ಬರಿಸಿದವನಿಗೆ ಅಂತ ಊರ ನಡುವೆ ಒಂದು ಪ್ರತಿಮೆ ನಿಲ್ಲಿಸಿದ ಪಣಜಿ ನನಗೆ ಇಷ್ಟ.

ನೋಡಿದ್ದೀರಿ ಅಲ್ವಾ? ಮಾಂಡೋವಿ ನದಿ ದಂಡೆಯಲ್ಲಿ, ಹಳೆ ಸೆಕ್ರೆಟರಿಯೇಟ್ ಪಕ್ಕದಲ್ಲಿ. ಆ ಕಟ್ಟಡ ಮೂಲತಃ ಆದಿಲ್‌ಶಾಹಿಗಳ ಅರಮನೆ. ವಿಜಯಪುರ ಕಡೆಯವರು ಅದರ ಮುಂದೆ ಸ್ವಲ್ಪ ಎದೆ ಉಬ್ಬಿಸಿ ನಡೆಯಬಹುದು. ಅದರ ಪಕ್ಕ ಕಪ್ಪು ನಿಲುವಂಗಿಯ ಮನುಷ್ಯ ಎರಡೂ ಕೈ ಚಾಚಿ ನಿಂತಿದ್ದಾನೆ. ಎದುರಿಗೆ ಒಬ್ಬಳು ಹೆಂಗಸು ಹಿಂದಕ್ಕೆ ವಾಲಿದ್ದಾಳೆ. ರಾಮಚಂದ್ರ ಪಾಂಡುರಂಗ ಕಾಮತ್ ಮಾಡಿದ ಶಿಲ್ಪ, 1945ರಲ್ಲಿ ನಿಲ್ಲಿಸಿದ್ದು. ಊರಿಂದ ನೆಂಟರು ಬಂದಾಗಲೆಲ್ಲ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಒಬ್ಬರು ದೆವ್ವ ಬಿಡಿಸುತ್ತಿದ್ದಾನೆ ಅಂತಾರೆ. ಇನ್ನೊಬ್ಬರು, ಪಾಪ, ಬೀಳುವವಳನ್ನು ಹಿಡಿಯಲು ಹೋಗುತ್ತಿದ್ದಾನೆ ಅಂತಾರೆ. ನಮ್ಮ ಚಿಕ್ಕಪ್ಪ ಒಬ್ಬರು, ಇವನು ಕತ್ತು ಹಿಸುಕುತ್ತಿದ್ದಾನೆ, ಇದಕ್ಕೂ ಒಂದು ಮೂರ್ತಿಯೇ ಅಂತ ಸಿಟ್ಟಾಗಿಬಿಟ್ಟರು.

ಅವನು ಅಬ್ಬೆ ಫರಿಯಾ. ಅಬ್ಬೆ ಅಂದರೆ ಫ್ರೆಂಚಿನಲ್ಲಿ ಪಾದ್ರಿ. ಪೂರ್ತಿ ಹೆಸರು ಜೋಸೆ ಕುಸ್ತೋದಿಯೊ ದ ಫರಿಯಾ. ಹುಟ್ಟಿದ್ದು 1756ರಲ್ಲಿ, ಕ್ಯಾಂಡೋಲಿಮ್‌ನಲ್ಲಿ. ಹೌದು, ಇವತ್ತು ಸಮುದ್ರ ನೋಡಲು ಜನ ಮುಗಿಬೀಳುವ ಅದೇ ಕ್ಯಾಂಡೋಲಿಮ್. ಮಡಗಾಂವ್‌ನಲ್ಲಿ ಅಬಾದೆ ಫರಿಯಾ ರಸ್ತೆ ಅಂತ ಇದೆಯಲ್ಲ, ಅದೂ ಇವನದೇ ಹೆಸರು. ದಿನಾ ಅಲ್ಲೇ ಓಡಾಡುವವರಿಗೂ ಇದು ಗೊತ್ತಿರುವುದಿಲ್ಲ.

ಇವನ ಮನೆಯ ಕತೆಯೇ ವಿಚಿತ್ರ. ಅಪ್ಪ ಪಾದ್ರಿಯಾಗಬೇಕು ಅಂತ ಓದುತ್ತಿದ್ದವನು, ಅದನ್ನು ಬಿಟ್ಟು ಮದುವೆಯಾದ. ಮಗ ಹುಟ್ಟಿದ. ಆಮೇಲೆ ಗಂಡ ಹೆಂಡತಿಗೆ ಸರಿ ಬರಲಿಲ್ಲ. ಇಬ್ಬರೂ ಬೇರೆಯಾದರು. ಸರಿ, ಬೇರೆಯಾದವರು ಏನು ಮಾಡುತ್ತಾರೆ? ತವರಿಗೆ ಹೋಗುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಇಲ್ಲಿ ಅಪ್ಪ ವಾಪಸ್ ಹೋಗಿ ಪಾದ್ರಿಯಾದ, ಅಮ್ಮ ಹಳೆ ಗೋವಾದ ಕನ್ಯಾಮಠ ಸೇರಿ ಸನ್ಯಾಸಿನಿಯಾದಳು. ಮಗನನ್ನು ಕಟ್ಟಿಕೊಂಡು ಅಪ್ಪ 1771ರಲ್ಲಿ ಹಡಗು ಹತ್ತಿ ಪೋರ್ಚುಗಲ್‌ಗೆ ಹೋದ. ಮುಂದೆ ರೋಮ್‌ನಲ್ಲಿ ಓದಿ ಮಗನೂ ಪಾದ್ರಿಯಾದ.

ಈಗ ನನಗೆ ಇಷ್ಟವಾದ ಭಾಗ. ಗೋವಾದವರು ಯಾರನ್ನಾದರೂ ಕೇಳಿ, ಈ ಕತೆ ಹೇಳುತ್ತಾರೆ. ಲಿಸ್ಬನ್‌ನಲ್ಲಿ ರಾಣಿಯ ಪ್ರಾರ್ಥನಾ ಮಂದಿರದಲ್ಲಿ ಉಪದೇಶ ಕೊಡಲು ಈ ಹುಡುಗನನ್ನು ಕರೆದರಂತೆ. ಎದುರಿಗೆ ರಾಣಿ. ಅವಳ ಸುತ್ತ ರೇಷ್ಮೆ ಹಾಕಿಕೊಂಡ ದೊಡ್ಡ ದೊಡ್ಡ ಮಂದಿ. ಕ್ಯಾಂಡೋಲಿಮ್‌ನ ಹುಡುಗ ಮೇಲೆ ಹತ್ತಿ ನಿಂತ. ನಿಂತ, ಅಷ್ಟೇ. ಬಾಯಿ ಬರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಆವಿಯಾಗಿ ಹೋಯಿತು. ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಭಾಷಣ ಮಾಡಲು ಹೋಗಿ "ಮಾನ್ಯ ಅಧ್ಯಕ್ಷರೇ" ಅಂದ ಮೇಲೆ ಮುಂದಿನ ಮಾತು ಮರೆತಿದ್ದೀರಾ? ನಾನು ಮರೆತಿದ್ದೇನೆ. ಆ ಹೊತ್ತಿನಲ್ಲಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತದೆ, ಎದುರಿಗೆ ಕೂತವರ ಮುಖ ಒಂದೊಂದೇ ದೊಡ್ಡದಾಗುತ್ತಾ ಬರುತ್ತದೆ.

ಅಪ್ಪ ಕೆಳಗೆ, ಹತ್ತಿರದಲ್ಲೇ ನಿಂತಿದ್ದ. ಮಗನ ಅವಸ್ಥೆ ನೋಡಿದ. ಅಲ್ಲಿದ್ದವರಿಗೆ ಯಾರಿಗೂ ತಿಳಿಯದ ಕೊಂಕಣಿಯಲ್ಲಿ, ಮೆಲ್ಲಗೆ, ಹೇಳಿದ: "ಹೀ ಸಗಳೀ ಭಾಜಿ, ಕಾತರ್ ರೇ ಭಾಜಿ." ಅಂದರೆ, ಇದೆಲ್ಲಾ ಬರೀ ಕಾಯಿಪಲ್ಯೆ ಕಣೋ, ಕೊಚ್ಚು ಮಗನೇ ಕೊಚ್ಚು! ರಾಣಿಯೂ ಕಾಯಿಪಲ್ಯೆ, ರೇಷ್ಮೆಯವರೂ ಕಾಯಿಪಲ್ಯೆ. ಹುಡುಗನ ಗಂಟಲು ಬಿಟ್ಟಿತು, ಮಾತು ಧಾರೆಯಾಗಿ ಹರಿಯಿತು ಅಂತ ಕತೆ. ಸ್ಟೇಜ್ ಹೆದರಿಕೆಗೆ ನಾನು ಇವತ್ತಿಗೂ ಈ ಔಷಧ ಬರೆದುಕೊಡುತ್ತೇನೆ. ಇಂಟರ್‌ವ್ಯೂಗೆ ಹೋಗುವ ಹುಡುಗರಿಗೆ ಹೇಳುತ್ತೇನೆ, ಎದುರಿಗೆ ಕೂತ ಮೂರು ಜನ ಯಾರು? ಒಂದು ಬದನೆಕಾಯಿ, ಒಂದು ಹೀರೇಕಾಯಿ, ಒಂದು ಸೌತೆಕಾಯಿ. ಹೋಗಿ ಬಾ.

ಈ ಕತೆ ನನ್ನನ್ನು ಹಿಡಿದಿಟ್ಟಿರುವುದಕ್ಕೆ ಒಂದು ಕಾರಣ ಇದೆ. ಅಪ್ಪ ಆ ನಾಲ್ಕು ಶಬ್ದದಲ್ಲಿ ಏನು ಕೊಟ್ಟ? ಏನೂ ಕೊಡಲಿಲ್ಲ. ಮಂತ್ರ ಹಾಕಲಿಲ್ಲ, ತಾಯಿತ ಕಟ್ಟಲಿಲ್ಲ. ಮಾತು ಹುಡುಗನ ಒಳಗೇ ಇತ್ತು, ಬಾಗಿಲು ಬಿಗಿದುಕೊಂಡಿತ್ತು ಅಷ್ಟೇ. ಮುಂದೆ ಎಷ್ಟೋ ವರ್ಷ ಬಿಟ್ಟು ಇದೇ ಹುಡುಗ ಪ್ಯಾರಿಸ್‌ನಲ್ಲಿ ಕೂತು ಇದನ್ನೇ ಜಗತ್ತಿಗೆ ಹೇಳಿದ.

ನಡುವೆ ಬಹಳ ನಡೆಯಿತು, ಓಡಿಸಿಬಿಡುತ್ತೇನೆ. 1787ರಲ್ಲಿ ಗೋವಾದಲ್ಲಿ ಪೋರ್ಚುಗೀಸರ ವಿರುದ್ಧ ಪಿಂಟೋ ಮನೆತನದ ಹೆಸರಿನ ಬಂಡಾಯದ ಸಂಚು ನಡೆಯಿತು, ಸಿಕ್ಕಿಬಿತ್ತು, ಇವರ ಮೇಲೂ ಅನುಮಾನ ಬಂತು. ಮರುವರ್ಷ ಫರಿಯಾ ಪ್ಯಾರಿಸ್ ಸೇರಿದ. ಅಲ್ಲಿ ಕ್ರಾಂತಿಯಾಯಿತು, ಪಾದ್ರಿ ಅದರಲ್ಲೂ ಕೈ ಹಾಕಿದ. ಕೊಂಕಣ ಸುತ್ತಿ ಮೈಲಾರ ಅಂತ ನಾವು ಹೇಳುತ್ತೇವಲ್ಲ, ಇವನು ಕೊಂಕಣದಿಂದಲೇ ಹೊರಟು ಯುರೋಪ್ ಎಲ್ಲ ಸುತ್ತಿದ.

ಆ ಕಾಲದಲ್ಲಿ ಪ್ಯಾರಿಸ್‌ಗೆ ಒಂದು ಮರುಳು ಹಿಡಿದಿತ್ತು. ಮೆಸ್ಮರ್ ಅಂತ ಒಬ್ಬ ಡಾಕ್ಟರ್ ವಿಯೆನ್ನಾದಿಂದ 1778ರಲ್ಲಿ ಬಂದಿದ್ದ. ತನ್ನ ಮೈಯಲ್ಲಿ ಒಂದು ಆಯಸ್ಕಾಂತದ ಶಕ್ತಿ ಇದೆ, ಅದು ಹರಿದು ರೋಗ ವಾಸಿ ಮಾಡುತ್ತದೆ ಅನ್ನುತ್ತಿದ್ದ. ದೊಡ್ಡ ಮರದ ತೊಟ್ಟಿ, ಒಳಗೆ ಬಾಟಲಿಗಳು, ಕಬ್ಬಿಣದ ಪುಡಿ. ಹೊರಗೆ ಚಾಚಿದ ಕಬ್ಬಿಣದ ಸರಳು ಹಿಡಿದುಕೊಂಡು ಶ್ರೀಮಂತ ಹೆಂಗಸರು ಸುತ್ತ ಕೂರಬೇಕು. ಹಿನ್ನೆಲೆಯಲ್ಲಿ ಸಂಗೀತ. ಈತ ನೇರಳೆ ಬಣ್ಣದ ನಿಲುವಂಗಿ ಹಾಕಿಕೊಂಡು ನಡುವೆ ಓಡಾಡುತ್ತಿದ್ದ. ಅವರು ಕಿರುಚಿ, ನಡುಗಿ, ಬಿದ್ದು, ಎದ್ದು, ವಾಸಿಯಾಯಿತು ಅಂತ ಮನೆಗೆ ಹೋಗುತ್ತಿದ್ದರು. ಸವದತ್ತಿ ಜಾತ್ರೆಯಲ್ಲಿ ಮೈಮೇಲೆ ಬರುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

1784ರಲ್ಲಿ ಫ್ರಾನ್ಸ್‌ನ ರಾಜ ಒಂದು ತನಿಖಾ ಸಮಿತಿ ಮಾಡಿದ. ಸಮಿತಿ ಅಂದರೆ ಎಂಥದ್ದು! ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಆಮ್ಲಜನಕಕ್ಕೆ ಹೆಸರಿಟ್ಟ ಲಾವಾಸಿಯೆ, ಜೊತೆಗೆ ತಲೆ ಕಡಿಯುವ ಗಿಲೊಟಿನ್ ಯಂತ್ರಕ್ಕೆ ಯಾರ ಹೆಸರು ಅಂಟಿತೋ ಆ ಡಾಕ್ಟರ್ ಗಿಯೋತಿನ್. ಹತ್ತು ವರ್ಷದಲ್ಲಿ ಲಾವಾಸಿಯೆ ತಲೆ ಅದೇ ಯಂತ್ರದ ಕೆಳಗೆ ಹೋಯಿತು, ಅದು ಬೇರೆ ಕತೆ. ಇವರು ಮಾಡಿದ ಪರೀಕ್ಷೆ ನೋಡಿ. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಏಪ್ರಿಕಾಟ್ ಮರಕ್ಕೆ ಮೆಸ್ಮರ್‌ನ ಶಿಷ್ಯ ಶಕ್ತಿ ತುಂಬಿದ. ಹನ್ನೆರಡು ವರ್ಷದ ಒಬ್ಬ ಹುಡುಗನಿಗೆ ಕಣ್ಣು ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಒಂದನೇ ಮರಕ್ಕೆ ಬೆವರಿದ, ಕೆಮ್ಮಿದ. ಎರಡನೆಯದಕ್ಕೆ ತಲೆ ಹಿಡಿದುಕೊಂಡ. ನಾಲ್ಕನೇ ಮರದ ಹತ್ತಿರ ಮೂರ್ಛೆ ಹೋಗಿ ಬಿದ್ದ. ಶಕ್ತಿ ತುಂಬಿದ ಮರ ಆ ನಾಲ್ಕರಲ್ಲಿ ಯಾವುದೂ ಅಲ್ಲ!

ಶಕ್ತಿಯೂ ಇಲ್ಲ ಮಣ್ಣೂ ಇಲ್ಲ, ಎಲ್ಲಾ ಕಲ್ಪನೆ ಅಂತ ಬರೆದು ಸಮಿತಿ ಮನೆಗೆ ಹೋಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ಅಲ್ರೀ, ಹುಡುಗ ನಿಜವಾಗಿ ಬಿದ್ದನಲ್ಲ? ಮರ ಬೀಳಿಸಲಿಲ್ಲ ಅಂದ ಮೇಲೆ ಬೀಳಿಸಿದ್ದು ಯಾವುದು ಅಂತ ಕೇಳಬೇಡವೇ?

ಕೇಳಿದವನು ನಮ್ಮ ಕ್ಯಾಂಡೋಲಿಮ್‌ನವನು. 1813ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಶುರು ಮಾಡಿದ, ಟಿಕೆಟ್ ಐದು ಫ್ರಾಂಕ್. ತೊಟ್ಟಿ ಇಲ್ಲ, ಸರಳು ಇಲ್ಲ, ನೇರಳೆ ಅಂಗಿ ಇಲ್ಲ. ಒಂದು ಕುರ್ಚಿ. ಕೂತುಕೊಳ್ಳಿ, ಕಣ್ಣು ಮುಚ್ಚಿ, ನಿದ್ದೆಯನ್ನೇ ನೆನೆಯಿರಿ ಅನ್ನುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ಗಟ್ಟಿಯಾಗಿ, "ನಿದ್ದೆ ಮಾಡಿ!" ಕೂತವರು ಕೂತಲ್ಲೇ ಜೋತು ಬೀಳುತ್ತಿದ್ದರು. ಆಮೇಲೆ ಅವನೇ ಎದ್ದು ನಿಂತು, ನನ್ನ ಕೈಯಿಂದ ಏನೂ ಹೊರಡುವುದಿಲ್ಲ, ನಿದ್ದೆ ಕುರ್ಚಿಯಲ್ಲಿ ಕೂತವರದ್ದೇ ಅಂತ ವಿವರಿಸುತ್ತಿದ್ದ. ತನ್ನ ಅಂಗಡಿಯ ಗುಟ್ಟನ್ನು ತಾನೇ ಬಿಚ್ಚಿಡುವ ವ್ಯಾಪಾರಿ! ನನ್ನಲ್ಲಿ ಶಕ್ತಿ ಇದೆ ಅಂದಿದ್ದರೆ ಕೋಟೆ ಕಟ್ಟಬಹುದಿತ್ತು.

ಸುಮ್ನೆ ನಂಬಬೇಡಿ, ನನ್ನದೇ ಅನುಭವ ಹೇಳುತ್ತೇನೆ. ಗದಗ ಕಡೆಯ ಒಬ್ಬ ಅಜ್ಜ, ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. ಬರೀ ಸಲೈನ್ ಹಚ್ಚಿದ್ದೆ, ಉಪ್ಪುನೀರು. ಔಷಧ ಇನ್ನೂ ಸಿರಿಂಜಿಗೇ ಬಂದಿರಲಿಲ್ಲ. ಮಾತಿಗೆ ಅಂತ, "ಅಜ್ಜಾರ, ಈಗ ನಿದ್ದಿ ಬರತೈತಿ ನೋಡ್ರಿ" ಅಂದೆ. ತಿರುಗಿ ನೋಡುವುದರೊಳಗೆ ಗೊರಕೆ! ಸರ್ಜನ್ ಒಳಗೆ ಬಂದು ಶುರು ಮಾಡಲಾ ಅಂತ ಕೈ ಚಾಚಿದರು. ನಿಲ್ಲಿ ನಿಲ್ಲಿ, ಇನ್ನೂ ಏನೂ ಕೊಟ್ಟಿಲ್ಲ ಅಂತ ನಾನು ಕೂಗಿದೆ. ಮರುದಿನ ಅಜ್ಜ ನನಗೆ ಕೈಮುಗಿದು ಹೇಳಿದ್ದು: "ಯವ್ವಾ, ನಿಮ್ಮ ಔಷಧ ಭಾರಿ ಐತಿ. ಬಾಟ್ಲಿ ನೀರು ಒಳಗ ಹೋಗೂದರಾಗ ಕಣ್ಣು ಮುಚ್ಚಿಬಿಟ್ಟಿತು." ನಾನೂ ಹೌದು ಅಜ್ಜಾ ಅಂದೆ. ಕುರ್ಚಿಯಲ್ಲಿ ಕೂತವನನ್ನು ನೋಡಿ ಅಂತ ಫರಿಯಾ ಹೇಳಿದ್ದು ಇದನ್ನೇ.

ಕೊನೆಗೆ ಅವನಿಗೆ ಏನಾಯಿತು? ಪ್ಯಾರಿಸ್‌ನ ನಾಟಕದ ಕಂಪನಿಯವರು 1816ರಲ್ಲಿ ಅವನನ್ನೇ ಗೇಲಿ ಮಾಡುವ ಪ್ರಹಸನ ಆಡಿದರು. ಒಬ್ಬ ನಟ ನಿದ್ದೆ ಬಂದವನ ಹಾಗೆ ನಟಿಸಿ, ತಟ್ಟನೆ ಕಣ್ಣು ಬಿಟ್ಟು, ಎಲ್ಲಾ ಮೋಸ ಅಂತ ಕೂಗಿದನಂತೆ. ಊರು ನಕ್ಕಿತು. ಚರ್ಚಿನವರು ಸೈತಾನನ ಕೆಲಸ ಅಂದರು. ಮೆಸ್ಮರ್ ಕಡೆಯವರು ನಮ್ಮ ಶಕ್ತಿಯನ್ನೇ ಇಲ್ಲ ಅಂತಾನೆ ಅಂತ ಬೈದರು. 1819ರ ಸೆಪ್ಟೆಂಬರ್‌ನಲ್ಲಿ ಸತ್ತ, ಅವನ ಪುಸ್ತಕ ಬಂದದ್ದೂ ಅದೇ ವರ್ಷ. ಆಮೇಲೆ ಫ್ರೆಂಚ್ ಲೇಖಕ ಡ್ಯೂಮಾ ತನ್ನ ಮಾಂಟೆ ಕ್ರಿಸ್ಟೊ ಕಾದಂಬರಿಯಲ್ಲಿ ಇವನ ಹೆಸರನ್ನು ತೆಗೆದು ಜೈಲಿನಲ್ಲಿರುವ ಹುಚ್ಚು ಪಾದ್ರಿಗೆ ಇಟ್ಟ, ಅದೂ ಇಟಲಿಯವನು ಅಂತ! ಜನ ನನ್ನ ಹತ್ತಿರ ಬಂದು, ಮೇಡಂ, ಆ ನಿಧಿ ಎಲ್ಲಿತ್ತು ಅಂತ ಕೇಳುತ್ತಾರೆ. ನಿಧಿ ಗಿಧಿ ಇಲ್ಲ ಮಾರಾಯರೇ, ಅದು ಕಾದಂಬರಿ.

ಮುಂದಿನವನಿಗೆ ಹೋಗೋಣ, ಅರ್ಧಕ್ಕಿಂತ ಜಾಸ್ತಿ ಸಮಯ ಮುಗಿದಿದೆ ಅಂತ ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಜೋಶುವಾ ನಾರ್ಟನ್, ಸ್ಯಾನ್‌ಫ್ರಾನ್ಸಿಸ್ಕೋದ ವ್ಯಾಪಾರಿ. ಬೆಲೆ ಏರುತ್ತದೆ ಅಂತ ಒಂದು ಹಡಗು ಅಕ್ಕಿ ಕೊಂಡ. ಹಿಂದೆಯೇ ಪೆರು ದೇಶದಿಂದ ಇನ್ನಷ್ಟು ಹಡಗು ಬಂದವು, ಬೆಲೆ ಬಿತ್ತು, ದಿವಾಳಿಯಾದ. ನಮ್ಮಲ್ಲಾದರೆ ಊರು ಬಿಟ್ಟು ಹೋಗುತ್ತಾರೆ. ಇವನು 1859ರಲ್ಲಿ, ನಾನೇ ಅಮೆರಿಕದ ಚಕ್ರವರ್ತಿ ಅಂತ ಬರೆದು ಪತ್ರಿಕೆಗೆ ಕೊಟ್ಟ. ಪತ್ರಿಕೆಯವರು ತಮಾಷೆಗೆ ಹಾಕಿದರು. ಊರು ಒಪ್ಪಿಕೊಂಡುಬಿಟ್ಟಿತು! ತನ್ನದೇ ನೋಟು ಅಚ್ಚು ಹಾಕಿಸಿದ, ಅಂಗಡಿಯವರು ತೆಗೆದುಕೊಂಡರು. 1867ರಲ್ಲಿ ಒಬ್ಬ ಪೊಲೀಸ್ ಹುಚ್ಚ ಅಂತ ಹಿಡಿದಾಗ ಊರಿಗೆ ಊರೇ ರೇಗಿ ಬಿಡಿಸಿಕೊಂಡಿತು. ಇಪ್ಪತ್ತು ವರ್ಷ ಆಳಿದ. ಅಲ್ಲೂ ನೋಡಬೇಕಾದ್ದು ಕುರ್ಚಿಯಲ್ಲಿ ಕೂತ ಊರನ್ನು.

ವಿಕ್ಟರ್ ಲುಸ್ಟಿಗ್, 1925, ಐಫೆಲ್ ಟವರನ್ನು ಗುಜರಿಗೆ ಮಾರಿದವನು. ಕೊಂಡ ಗುಜರಿ ವ್ಯಾಪಾರಿ ನಾಚಿಕೆಯಿಂದ ಪೊಲೀಸರಿಗೂ ಹೇಳಲಿಲ್ಲ, ಹಾಗಾಗಿ ಲುಸ್ಟಿಗ್ ಇನ್ನೊಂದು ಸಲ ಮಾರಲು ಬಂದ. ಇದು ಕೇಳಿ ನಗಬೇಡಿ. ನಮ್ಮ ಕಟ್ಟಡದಲ್ಲೇ ಒಬ್ಬ ಅಕ್ಕ ಪಾಲಿಶ್ ಮಾಡುವವನಿಗೆ ಬಳೆ ಬಿಚ್ಚಿಕೊಟ್ಟು, ಕಣ್ಣಲ್ಲಿ ಕಣ್ಣಿಟ್ಟು ಹಿಪ್ನಾಟಿಸಂ ಮಾಡಿದ ಡಾಕ್ಟ್ರೇ ಅಂದರು. ಅಕ್ಕಾ, ಅವನು ಏನೂ ಮಾಡಲಿಲ್ಲ. ಮೊದಲು ನಿಮ್ಮ ಹಿತ್ತಾಳೆ ದೀಪವನ್ನು ಪುಕ್ಕಟೆ ಪಳಪಳ ಮಾಡಿಕೊಟ್ಟ. ಬಳೆ ಬಿಚ್ಚಿದ್ದು ನಿಮ್ಮದೇ ಕೈ. ಅವರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ನಾಲ್ಕನೆಯವರು ಉತ್ತರ ಪ್ರದೇಶದ ಲಾಲ್ ಬಿಹಾರಿ. 1970ರ ದಶಕದಿಂದ 1994ರವರೆಗೆ ಸರ್ಕಾರಿ ಕಾಗದದಲ್ಲಿ ಸತ್ತುಹೋಗಿದ್ದವರು, ಬದುಕಿದ್ದೇನೆ ಅಂತ ತೋರಿಸಲು ಚುನಾವಣೆಗೆ ನಿಂತವರು. ಅಲ್ಲಿ ಕುರ್ಚಿಯಲ್ಲಿ ಕೂತದ್ದು ಗುಮಾಸ್ತ, ಎದುರಿಗೆ ನಿಂತ ಮನುಷ್ಯನನ್ನು ಬಿಟ್ಟು ಕಾಗದವನ್ನೇ ನಂಬಿದವನು. ಇವರದ್ದು ಹೇಳಲು ಇನ್ನೊಂದು ಹದಿನೈದು ನಿಮಿಷ ಬೇಕು.

ಕದಂಬ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನದಿ ದಂಡೆ ಹಿಡಿದು ನಡೆದೇ ಹೋಗಬಹುದು. ಪ್ರತಿಮೆ ಮುಂದೆ ನಿಂತಾಗ ಅವನ ಕೈ ನೋಡಿದ್ದು ಸಾಕು, ಆ ಹೆಂಗಸಿನ ಮುಖ ನೋಡಿ. ನೋಡಿ ಏನನ್ನಿಸಿತು ಅಂತ... ಇರಿ, ಗಾಜಿನ ಆಚೆಯವರು ಈಗ ಎರಡು ಬೆರಳು ಕತ್ತರಿಯ ಹಾಗೆ ಆಡಿಸುತ್ತಿದ್ದಾರೆ. ಅಯ್ಯೋ, ಇದು ಕಾತರ್ ರೇ ಭಾಜಿ! ಕೇಳುಗರೇ, ನಮಸ್ಕಾರ.